ಹಿಂದೆ ನಿಂತವರ ತಂತಿ

ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯ ಗೆಳೆಯರೇ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನೀವೆಲ್ಲ ಹೋದವರೇ. ಜೋಗತಿಯರ ಮೇಳದಲ್ಲಿ ನಮ್ಮ ಕಣ್ಣು ಚೌಡಿಕೆಯವರ ಮೇಲೆ. ಹಿಂದೆ ನಿಂತು ಒಂದೇ ತಂತಿ ಮೀಟುತ್ತ ಶ್ರುತಿ ಹಿಡಿದವರನ್ನು ಯಾರು ನೋಡುತ್ತಾರೆ? ಆ ತಂತಿ ನಿಂತರೆ ಮಾತ್ರ ಹಾಡೇ ಬರಿದಾದಂತೆ ಅನಿಸುತ್ತದೆ.

ಹೀಗೆ ಗಮನ ಬೇಡದೆ ಆವರಿಸುವ ನಾದಕ್ಕೆ ಇಂಗ್ಲೆಂಡಿನ ಬ್ರಯಾನ್ ಈನೋ 1978ರಲ್ಲಿ ‘ಆ್ಯಂಬಿಯೆಂಟ್’ ಎಂಬ ಹೆಸರು ಕೊಟ್ಟರು. ವಿಮಾನ ನಿಲ್ದಾಣಕ್ಕೆಂದೇ ಸಂಗೀತ ಹೆಣೆದರು. (ಗುಡ್ಡದ್ದು ಭಕ್ತಿಯ ಹಾಡು, ಆ ಮಾತು ಬೇರೆ.) ಮರುವರ್ಷ ಬೆಂಗಳೂರಿನ ಜಿ. ರಾಜ್ ನಾರಾಯಣ್ ವಿದ್ಯುನ್ಮಾನ ತಂಬೂರಿ ರೂಪಿಸಿದರು. ಗುರುವಿನ ಹಿಂದೆ ಕೂತು ತಂಬೂರಿ ಮೀಟುತ್ತಲೇ ಸಂಗೀತ ಕಲಿಯುತ್ತಿದ್ದ ಶಿಷ್ಯನ ಜಾಗಕ್ಕೆ ಎಷ್ಟೋ ಕಡೆ ಪೆಟ್ಟಿಗೆ ಬಂತು.

2001ರಲ್ಲಿ ಬಂದ ಏಬಲ್ಟನ್ ಲೈವ್ ತಂತ್ರಾಂಶ ಇನ್ನೂ ಮುಂದೆ ಹೋಯಿತು. ಧ್ವನಿಯ ತುಣುಕೊಂದನ್ನು ಸುತ್ತಲು ಬಿಟ್ಟರೆ ವೇದಿಕೆಯಲ್ಲಿ ಅದು ನುಡಿಯುತ್ತಲೇ ಇರುತ್ತದೆ. ಕಲಾವಿದ ಅದರ ಮೇಲೆ ಪದರ ಹಾಸುತ್ತಾನೆ, ಒಂದನ್ನು ಮೆಲ್ಲಗೆ ಅಡಗಿಸುತ್ತಾನೆ. ಹಾಡುವವರ ದನಿ ತುಸು ಏರಿದರೆ ಆ ತುಣುಕಿಗೆ ಗೊತ್ತಾಗದು. ಕಂಪ್ಯೂಟರಿನ ಮುಂದೆ ಕೂತವನೇ ಕಿವಿಗೊಡಬೇಕು. ನಾಳೆ ಮೇಳಕ್ಕೂ ಇದು ಬಂದರೆ, ಶ್ರುತಿ ಹಿಡಿದವರ ಪಾಲಿನ ಕಾಸು ಯಾರಿಗೆ?