ಎರೆಹೊಲದ ಚಿಗರಿ

ರಾಯಚೂರಿನ ಕೋಟೆಗೋಡೆಯ ಬದಿಯಲ್ಲಿ ನಡೆಯುವಾಗಲೆಲ್ಲ ನನಗೆ 1520ರ ಮುತ್ತಿಗೆ ನೆನಪಾಗುತ್ತದೆ. ಕೃಷ್ಣದೇವರಾಯನ ಸೈನ್ಯವನ್ನು ಕೂಡಿಕೊಂಡ ಪೋರ್ಚುಗೀಸ್ ಬಂದೂಕುಗಾರರು ಗೋಡೆಯ ಮೇಲೆ ತಲೆಯೆತ್ತಿದವರನ್ನು ದೂರದಿಂದಲೇ ಹೊಡೆದುರುಳಿಸಿದರೆಂದು ನೂನಿಜ್ ಬರೆದಿದ್ದಾನೆ. ಅಂದು ಮನುಷ್ಯರತ್ತ ತಿರುಗಿದ್ದ ಆ ನಳಿಗೆ ನಮ್ಮ ಎಡೆದೊರೆ ನಾಡಿನ ಚಿಗರಿಗಳತ್ತ ಎಂದು ತಿರುಗಿತೋ! ಅದನ್ನು ಬರೆದಿಡಲು ಚಿಗರಿಗಳಿಗೊಬ್ಬ ನೂನಿಜ್ ಇರಲಿಲ್ಲ.

ಗ್ರಂಥಗಳಲ್ಲಿ ಕೃಷ್ಣಮೃಗವೆನಿಸಿಕೊಳ್ಳುವ ಪ್ರಾಣಿಯನ್ನೇ ನಾವು ಚಿಗರಿ ಎನ್ನುತ್ತೇವೆ. ಮಾನ್ವಿಯ ಕಡೆ ನಾನು ಬೆಳೆದ ಊರಿನಲ್ಲಿ ಹಿಂಗಾರಿಯ ಮುಂಜಾವಿನಲ್ಲಿ ಅವುಗಳ ಹಿಂಡು ಕಾಣುತ್ತಿತ್ತು. ಗಂಡು ಕಪ್ಪುಮೈಯದು, ಕೊಂಬು ತಿರುಚಿದ್ದು. ಒಂದು ರಾತ್ರಿ ಹೊಲದೊಳಗೆ ಜೀಪು ಬಂತು. ಗಾಳಿಯಂತೆ ಓಡಬಲ್ಲ ಪ್ರಾಣಿ ದೀಪದ ಬೆಳಕಿಗೆ ಕಣ್ಣು ಕುಕ್ಕಿ ನಿಂತುಬಿಟ್ಟಿತು. ಎರಡು ಈಡು ಕೇಳಿಸಿದವು. ಬೆಳಿಗ್ಗೆ ಹೋಗಿ ನೋಡಿದರೆ ಜೋಳದ ದಂಟಿನ ಮೇಲೆ ಒಣಗಿದ ನೆತ್ತರಷ್ಟೇ ಇತ್ತು. ಬಂದವರು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಆ ಊರಿನಲ್ಲಿ ನಾನೂ ಒಬ್ಬ.

ಕಾನೂನು ಬಂದದ್ದು 1972ರಲ್ಲಿ. ರಾಷ್ಟ್ರೀಯ ಉದ್ಯಾನದೊಳಗೆ ಲಿಖಿತ ಅನುಮತಿಯಿಲ್ಲದೆ ಆಯುಧ ಒಯ್ಯುವಂತಿಲ್ಲವೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅತ್ತ ಅಮೆರಿಕದಲ್ಲಿ, ಆಯಾ ರಾಜ್ಯದ ಕಾನೂನು ಒಪ್ಪಿದರೆ, ಪ್ರವಾಸಿಗಳು ಮದ್ದುಗುಂಡು ತುಂಬಿದ ಬಂದೂಕನ್ನೇ ಉದ್ಯಾನಗಳಿಗೆ ಒಯ್ಯಬಹುದೆಂದು 2010ರಿಂದ ನಿಯಮವಾಗಿದೆ. ಈ ಒಂದು ಸಂಗತಿಯಲ್ಲಿ ನಾವು ಅವರಿಗಿಂತ ವಿವೇಕಿಗಳು ಎಂದು ಬೀಗಬಹುದಿತ್ತು. ಆದರೆ ನಮ್ಮ ಜಿಲ್ಲೆಯಲ್ಲಿ ರಾಷ್ಟ್ರೀಯ ಉದ್ಯಾನವೇ ಇಲ್ಲ. ರಾಣೆಬೆನ್ನೂರಿನಲ್ಲಿ 1974ರಿಂದ ಕೃಷ್ಣಮೃಗಗಳಿಗೆಂದೇ ಒಂದು ಅಭಯಧಾಮವಿದೆ. ನಮ್ಮ ಚಿಗರಿಗಳಿಗಾದರೋ ಮನೆಯೂ ಮೇವೂ ರೈತನ ಹೊಲವೇ. ಆ ಹೊಲದ ಮೂಲೆಯ ಗುಡಿಸಲಿನಲ್ಲಿ, ಬೆಳೆ ಕಾಯಲೆಂದು ಪರವಾನಗಿ ಪಡೆದ ಬಂದೂಕು ತೂಗುತ್ತಿರುತ್ತದೆ. ಚಿಗರಿಯನ್ನು ಕೊಂದರೆ ಕನಿಷ್ಠ 3 ವರ್ಷ ಸೆರೆ, ನಿಜ. ಕತ್ತಲಲ್ಲಿ ಹಾರಿದ ಗುಂಡು ಹಂದಿಗೋ ಚಿಗರಿಗೋ ಎಂದು ಕೇಳುವವರು ಯಾರು?

ಮಾನ್ವಿಗೆ ದೂರವಲ್ಲದ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಇದೆ. 1915ರಲ್ಲಿ ಅದು ಬೆಳಕಿಗೆ ಬಂತು. ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿರುವ ಅವನ ಮೊದಲ ಬಂಡೆಶಾಸನ ಅರಮನೆಯ ಅಡುಗೆಮನೆಯ ವಿಚಾರವನ್ನು ಹೇಳುತ್ತದೆ: ಈಗ ದಿನಕ್ಕೆ ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ನಿತ್ಯವಲ್ಲ, ಮುಂದೆ ಇವೂ ಇಲ್ಲ. ಚಕ್ರವರ್ತಿಯ ಈ ಪ್ರಾಮಾಣಿಕತೆ ನನಗೆ ಬಲು ಹಿಡಿಸುತ್ತದೆ. ಆದರೆ ಅವನು ಬಿಡಬೇಕಾದದ್ದು ತನ್ನ ಊಟದ ಒಂದು ಬಗೆಯನ್ನು. ನಮ್ಮ ರೈತನಿಂದ ನಾವು ಕೇಳುತ್ತಿರುವುದು ಅವನ ವರ್ಷದ ದುಡಿಮೆಯನ್ನು.

ದೇವದುರ್ಗದ ಬಳಿ ನನ್ನ ದೂರದ ಸಂಬಂಧಿಯೊಬ್ಬನ ಹೊಲವಿದೆ. ಕಡಲೆ ಎಳೆಯದಿರುವಾಗ ಚಿಗರಿಗಳು ಹೊಕ್ಕರೆ ಒಂದು ರಾತ್ರಿಗೆ ಎಷ್ಟೋ ಸಾಲುಗಳು ಬೋಳಾಗುತ್ತವೆ. “ಮಾವ, ಚಿಗರಿ ಕೊಲ್ಲೂದು ಪಾಪ ಅಂತ ನಮ್ಮವ್ವನೂ ಅಂತಾಳ. ಕಡ್ಲಿ ಯಾರು ಕೊಡ್ತಾರ?” ಎಂದು ಅವನು ಕೇಳಿದಾಗ ನಾನು ನಿರುತ್ತರನಾದೆ. ಪರಿಹಾರದ ಅರ್ಜಿ ಹಿಡಿದು ಅವನು ಕಚೇರಿಯೊಂದಕ್ಕೆ ನಾಲ್ಕು ಸಲ ಅಲೆದಿದ್ದ. ಬಂದೂಕು ಬೇಡವೆನ್ನುವ ಪಟ್ಟಣಿಗರಾದ ನಾವು ಆ ಅಲೆದಾಟದಲ್ಲಿ ಒಂದು ದಿನವೂ ಅವನ ಜೊತೆಗಿರಲಿಲ್ಲ.

2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯತಿ ಚುನಾವಣೆ ನಡೆಯಿತು. ಚುನಾವಣೆಯೆಂದರೆ ಪರವಾನಗಿಯ ಬಂದೂಕುಗಳನ್ನು ಠಾಣೆಗೆ ಒಪ್ಪಿಸುವುದು ವಾಡಿಕೆ. ಅವನೂ ಒಪ್ಪಿಸಿದ. ಮಂಚಿಕೆಯ ಮೇಲೆ ಕುಳಿತು, ಡಬ್ಬ ಬಡಿದು, ಕೂಗು ಹಾಕಿ, ತಮ್ಮನೊಡನೆ ಸರದಿಯಲ್ಲಿ ರಾತ್ರಿ ಕಳೆದ. ಸುಗ್ಗಿಯಾದ ಮೇಲೆ ಭೇಟಿಯಾದಾಗ, ಬಂದೂಕಿಲ್ಲದ ಆ ದಿನಗಳಲ್ಲಿ ಬೆಳೆ ಎಷ್ಟು ಹಾಳಾಯಿತೆಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿದ.

“ವರ್ಷಾ ಹೋದಷ್ಟs ಹೋತು, ಮಾವ. ನಿದ್ದಿ ಒಂದು ಜಾಸ್ತಿ ಕೆಡ್ತು.”