ಸಿಡಿಲು ಮತ್ತು ಸಿಂಹಾಸನ

ಸಿಡಿಲು ದೇವರ ಕೋಪ, ಅರಸು ದೇವರ ಪ್ರತಿನಿಧಿ—ಹಿಂದಿನ ಯೂರೋಪಿನಲ್ಲಿ ಬಹುಜನರ ನಂಬಿಕೆ ಇದು. 1687ರಲ್ಲಿ ನ್ಯೂಟನ್ನನು ಗ್ರಹಗಳ ಗತಿಗೂ ನಿಯಮವುಂಟೆಂದು ತೋರಿಸಿದನು. ಹಾಗಾದರೆ ಆಳ್ವಿಕೆಗೆ ನಿಯಮ ಬೇಡವೆ? ವಿಚಾರವಂತರು ಕೇಳತೊಡಗಿದರು. ಪ್ರಜೆಗಳ ಸಮ್ಮತಿಯೇ ಪ್ರಭುತ್ವಕ್ಕೆ ಆಧಾರವೆಂದನು ಲಾಕ್.

ಸಿಡಿಲೆಂಬುದು ವಿದ್ಯುತ್ತೆಂದು ತಿಳಿಸಿಕೊಟ್ಟ ಬೆಂಜಮಿನ್ ಫ್ರಾಂಕ್ಲಿನ್ನನು 1787ರಲ್ಲಿ, ತನ್ನ 81ನೆಯ ವಯಸ್ಸಿನಲ್ಲಿ, ಅಮೆರಿಕದ ಸಂವಿಧಾನಕ್ಕೆ ಸಹಿಯಿಟ್ಟನು. ಅದರ ಕೆಲವು ಅಂಶಗಳು ತನಗೆ ಒಪ್ಪಿಗೆಯಿಲ್ಲ, ಆದರೆ ತನ್ನ ಎಣಿಕೆಯೇ ತಪ್ಪಿರಬಹುದು ಎಂದನು. ವಿಜ್ಞಾನಿಯ ವಿನಯವೆಂದರೆ ಇದೇ. ಆ ಸಂವಿಧಾನದಲ್ಲಿಯೇ ತಿದ್ದುಪಡಿಗೂ ದಾರಿಯಿತ್ತು. ಅದು ಉಳಿಸಿಕೊಂಡಿದ್ದ ಗುಲಾಮಗಿರಿಯ ಘೋರ ಕಳಂಕವನ್ನು ತೊಡೆಯಲು, ಅಂತರ್ಯುದ್ಧದ ರಕ್ತಪಾತದ ಬಳಿಕ, 1865ರ ತಿದ್ದುಪಡಿ ಬರಬೇಕಾಯಿತು.

ಶ್ರೋತೃಗಳೆ, ತಪ್ಪದ ಅರಸನಿಲ್ಲ, ತಪ್ಪದ ಸಭೆಯೂ ಇಲ್ಲ. ತಪ್ಪನ್ನು ತೋರಿಸಲು, ತಿದ್ದಲು ಎಡೆಯಿರುವ ಆಳ್ವಿಕೆಯೇ ಮೇಲು.