ರಿಯಾಲ್ಟೊ: ಮಾರುಕಟ್ಟೆ ರೂಪಿಸಿದ ಸೇತುವೆ

ವೆನಿಸ್ ನಗರದ ರಿಯಾಲ್ಟೊ ಸೇತುವೆಯನ್ನು ಜನ ಅದರ ಅಂದಕ್ಕಾಗಿ ಹೊಗಳುತ್ತಾರೆ. ಅದರ ಚರಿತ್ರೆಯನ್ನು ನೋಡಿದರೆ, ಆ ರೂಪ ಬಂದದ್ದು ಪಕ್ಕದ ಮಾರುಕಟ್ಟೆಯ ಅಗತ್ಯಗಳಿಂದ ಎಂಬುದು ನನ್ನ ವಾದ. ನಗರದ ಮುಖ್ಯ ಕಾಲುವೆಯಾದ ಗ್ರ್ಯಾಂಡ್ ಕೆನಾಲ್ ಮೇಲೆ ಇಲ್ಲಿ ಮೊದಲು ಇದ್ದದ್ದು ದೋಣಿಗಳನ್ನು ಸಾಲಾಗಿ ಕಟ್ಟಿದ 12ನೇ ಶತಮಾನದ ಸೇತುವೆ. ಮಾರುಕಟ್ಟೆ ಬೆಳೆದು ಓಡಾಟ ಹೆಚ್ಚಿದಾಗ, 13ನೇ ಶತಮಾನದಲ್ಲಿ ಮರದ ಸೇತುವೆ ಬಂತು. ಎತ್ತರದ ಹಡಗುಗಳು ಬಂದಾಗ ಅದರ ನಡುಭಾಗವನ್ನು ಮೇಲಕ್ಕೆತ್ತುತ್ತಿದ್ದರು. ಚಿತ್ರಕಾರ ಕಾರ್ಪಾಚ್ಚೊ 15ನೇ ಶತಮಾನದ ಕೊನೆಯಲ್ಲಿ ಬರೆದ ಚಿತ್ರದಲ್ಲಿ ಈ ಏರ್ಪಾಟನ್ನು ಕಾಣಬಹುದು. ಅಷ್ಟರಲ್ಲಾಗಲೇ ಸೇತುವೆಯ ಎರಡೂ ಬದಿಗೆ ಅಂಗಡಿಗಳೆದ್ದಿದ್ದವು. ಅವುಗಳ ಬಾಡಿಗೆ ಬೊಕ್ಕಸಕ್ಕೆ ಸೇರಿ ಸೇತುವೆಯ ದುರಸ್ತಿಗೂ ಒದಗುತ್ತಿತ್ತು. ಆದರೆ ಮರ ಎಷ್ಟೆಂದು ತಾಳೀತು? 1310ರ ದಂಗೆಯಲ್ಲಿ ಒಂದು ಭಾಗ ಸುಟ್ಟಿತು. 1444ರಲ್ಲಿ, ದೋಣಿಗಳ ಮೆರವಣಿಗೆ ನೋಡಲು ಮುಗಿಬಿದ್ದ ಜನರ ಭಾರಕ್ಕೆ ಕುಸಿಯಿತು. 1524ರಲ್ಲಿ ಮತ್ತೆ ಬಿತ್ತು.

ಕಲ್ಲಿನ ಸೇತುವೆಗಾಗಿ 16ನೇ ಶತಮಾನದಲ್ಲಿ ಸಾನ್ಸೊವಿನೊ, ಪಲ್ಲಾಡಿಯೊ ಅವರಂಥ ಹೆಸರಾಂತ ವಾಸ್ತುಶಿಲ್ಪಿಗಳು ನಕ್ಷೆ ಹಾಕಿದರು. ಕೊನೆಗೆ 1588ರಿಂದ 1591ರ ನಡುವೆ ಕಟ್ಟಿದ್ದು ಅವರಷ್ಟು ಕೀರ್ತಿಯಿಲ್ಲದ ಆಂಟೋನಿಯೊ ಡ ಪಾಂಟೆಯ ನಕ್ಷೆಯಂತೆ. ಪಲ್ಲಾಡಿಯೊನ ಭವ್ಯ ಕಲ್ಪನೆಯನ್ನು ಬಿಟ್ಟು, ಬಾಡಿಗೆಯ ಆಸೆಗೆ ಅಂಗಡಿ ತುಂಬಿದ ಸೇತುವೆಯನ್ನು ಆರಿಸಿದರೆಂದು ಆಕ್ಷೇಪಿಸಬಹುದು. ಈ ಆಕ್ಷೇಪ ನಿಲ್ಲುವುದಿಲ್ಲ. ಪಲ್ಲಾಡಿಯೊ 1570ರ ತನ್ನ ಗ್ರಂಥದಲ್ಲಿ ಪ್ರಕಟಿಸಿದ ನಕ್ಷೆಯಲ್ಲೂ ಅಂಗಡಿಗಳಿವೆ, ಅದೂ ಆರು ಸಾಲು! ನಿಜವಾದ ವ್ಯತ್ಯಾಸ ಇದ್ದದ್ದು ನೀರಿನಲ್ಲಿ. ಅವನದು ಹಲವು ಕಮಾನುಗಳ ಸೇತುವೆ. ಅದಕ್ಕೆ ಕಾಲುವೆಯ ನಡುವೆಯೇ ಕಂಬಗಳು ಬೇಕು. ಸರಕೆಲ್ಲ ದೋಣಿಯಲ್ಲೇ ಬರುವ ಊರಿನಲ್ಲಿ ಅದು ದಾರಿಗೆ ಅಡ್ಡ. ಡ ಪಾಂಟೆ ಸುಮಾರು 28 ಮೀಟರ್ ಅಗಲಕ್ಕೆ ಒಂದೇ ಕಮಾನು ಹಾಕಿ, ಕೆಳಗೆ ನೀರನ್ನು ದೋಣಿಗಳಿಗೆ ಬಿಟ್ಟ. ಮೇಲೆ ಎರಡು ಸಾಲು ಅಂಗಡಿ, ಮೂರು ನಡೆದಾರಿ ಇಟ್ಟ.

ಇಷ್ಟು ಭಾರವನ್ನು ಒಂದೇ ಕಮಾನು ಹೊರಲಾರದೆಂಬ ಆಕ್ಷೇಪಕ್ಕೆ ಹೆಚ್ಚು ತೂಕವಿತ್ತು. ವಾಸ್ತುಶಿಲ್ಪಿ ಸ್ಕಮೋಟ್ಸಿ ಸೇತುವೆ ಬಿದ್ದೇ ಬೀಳುತ್ತದೆಂದು ಹೇಳಿದ. ಕೆಸರು ನೆಲದಲ್ಲಿ ಆ ಭಯ ಸಹಜವೇ. ಡ ಪಾಂಟೆಯ ಉತ್ತರ ಕಣ್ಣಿಗೆ ಕಾಣದ ತಳದಲ್ಲಿತ್ತು: ಎರಡು ದಂಡೆಗಳಲ್ಲೂ ಸೇರಿ ಸುಮಾರು 12,000 ಮರದ ಗೂಟಗಳನ್ನು ಹೊಡೆಸಿ, ಅವುಗಳ ಮೇಲೆ ಅಡಿಪಾಯ ಹಾಕಿಸಿದ. ಸೇತುವೆಯ ಹಿರಿಮೆಯನ್ನು ಅಳೆಯುವುದಾದರೆ ನಾನು ಮೊದಲು ನೋಡುವುದು ಆ ಗೂಟಗಳನ್ನೇ. 400 ವರ್ಷಗಳಿಗೂ ಹೆಚ್ಚು ಕಾಲದಿಂದ ಅವು ಈ ಭಾರವನ್ನು ಹೊತ್ತಿವೆ. 1854ರಲ್ಲಿ ಅಕಾಡೆಮಿ ಎಂಬ ಕಲಾಶಾಲೆಯ ಬಳಿ ಕಬ್ಬಿಣದ ಸೇತುವೆ ಬರುವವರೆಗೂ, ಗ್ರ್ಯಾಂಡ್ ಕೆನಾಲನ್ನು ನಡೆದು ದಾಟಲು ವೆನಿಸ್ ಜನರಿಗೆ ಇದ್ದ ಸೇತುವೆ ಇದೊಂದೇ.